ಆಫೀಸಿನವರನ್ನು ಒಂದು ಮಾಡೋಕೆ ಬೆಣ್ಣೆ ದೋಸೆ ಸ್ಪರ್ಧೆ ಇಡಬಹುದಾ?

ಲೆಕ್ಕದಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುತ್ತೇನೆ. 13 ವರ್ಷ ಆಯಿತು. ನಾವು ಒಟ್ಟು 24 ಜನ. ಮುಂದೆ ಎ.ಸಿ. ಇರುವ ಕಡೆ ಸೇಲ್ಸ್ ಹುಡುಗರು, ಪಕ್ಕದಲ್ಲಿ ನಾವು ಲೆಕ್ಕದವರು, ಹಿಂದೆ ತಗಡಿನ ಶೆಡ್ಡಿನಲ್ಲಿ ವರ್ಕ್‌ಶಾಪು, ಅದರ ಮೂಲೆಯಲ್ಲಿ ಸ್ಪೇರ್ ಪಾರ್ಟ್ಸ್. ನಡುವೆ ಒಂದು ಗಾಜಿನ ಬಾಗಿಲಿದೆ. ಆ ಬಾಗಿಲೇ ನಮ್ಮ ಸಮಸ್ಯೆ ಅನ್ನಿ. ಸೇಲ್ಸ್‌ನವರು ರೈತರಿಗೆ "ಗುರುವಾರ ಗಾಡಿ ರೆಡಿ" ಎಂದು ಮಾತು ಕೊಟ್ಟಿರುತ್ತಾರೆ. ಅದು ವರ್ಕ್‌ಶಾಪಿನವರಿಗೆ ಗೊತ್ತಾಗುವುದು ಗುರುವಾರವೇ, ರೈತ ಬಂದು ಬೈದಾಗ.

ಈಗ ವಿಷಯ. ನಮ್ಮ ಚಿಕ್ಕ ಸಾಹುಕಾರ್ರು ಎಂಬಿಎ ಮುಗಿಸಿ ಬಂದಿದ್ದಾರೆ. ತಿಂಗಳ ಕೊನೆಯೊಳಗೆ ಏನಾದರೂ "ಟೀಮ್ ಬಾಂಡಿಂಗ್" ಮಾಡಬೇಕಂತೆ, ಅದೂ ಊಟ-ತಿಂಡಿ ಇಟ್ಟುಕೊಂಡು. 8,000 ರೂಪಾಯಿ ಕೊಟ್ಟು ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ಹೆಂಗಸು ನೋಡಿ, ತಿಂಡಿ ಅಂದ ಕೂಡಲೇ ನನ್ನ ನೆನಪಾಗಿದೆ.

ಹೋದ ವರ್ಷವೂ ಒಂದು ಆಗಿತ್ತು. ದೊಡ್ಡ ಹೋಟೆಲಿನಲ್ಲಿ ಬಫೆ, 14,000 ಬಿಲ್ಲು. ಮೆಕ್ಯಾನಿಕ್‌ಗಳು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬಾಗಿಲ ಹತ್ತಿರದ ಮೇಜು ಹಿಡಿದು ಕೂತರು. ಚಮಚ ಹಿಡಿಯೋಕೆ ಮುಜುಗರ. ಅರ್ಧ ತಿಂದು, "ಮನೆಯಲ್ಲಿ ಕೆಲಸ ಇದೆ" ಎಂದು ಹೊರಟರು. ಆಮೇಲೆ ಯಾರೋ ಆಟ ಆಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರಿಗೊಬ್ಬರು ಕೇಕ್ ತಿನ್ನಿಸುವುದು! ಮದುವೆಯಾದ ಹೆಣ್ಣುಮಕ್ಕಳು ನಾವು ಮೂರು ಜನ. ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಸೋಮವಾರ ಆ ಗಾಜಿನ ಬಾಗಿಲು ಎಂದಿನಂತೆ ಮುಚ್ಚಿಯೇ ಇತ್ತು.

ಈ ಸಲ ನಮ್ಮೂರಿನದ್ದೇ ಏನಾದರೂ ಮಾಡೋಣ ಎಂದುಕೊಂಡಿದ್ದೇನೆ. ಬೆಣ್ಣೆ ದೋಸೆ ಸ್ಪರ್ಧೆ ಇಟ್ಟರೆ ಹೇಗೆ? ನಾಲ್ಕು ಗುಂಪು, ನಾಲ್ಕು ಹಂಚು, ಒಂದು ಬಹುಮಾನ. ಯಾರಾದರೂ ಮಾಡಿ ನೋಡಿದ್ದೀರಾ?

ಡಾಬಾ ದೊರೆ

ಅಕ್ಕಾ, ಸುಮ್ನೆ ಯಾಕೆ ತಲೆ ಬಿಸಿ? ಹೈವೇ ಡಾಬಾಕ್ಕೆ ಕರ್ಕೊಂಡು ಹೋಗಿ, ಎರಡು ಪೆಗ್ ಕೊಡಿಸಿ. ಎಲ್ಲ ಬಾಂಡ್ ಆಗ್ತಾರೆ. ನಮ್ಮಲ್ಲಿ ಹಂಗೇ ನಡೆಯೋದು.

ಲೆಕ್ಕದಕ್ಕ, ದಾವಣಗೆರೆ

ದೊರೆಗಳೇ, ನಾವು ಮೂರು ಹೆಂಗಸರು ಆಗ ಎಲ್ಲಿ ಕೂರಬೇಕು? ಕುಡಿಯದವರು ಎಂಟು ಜನ ಇದ್ದಾರೆ. ಕುಡಿದವರು ಗಾಡಿ ಓಡಿಸಿಕೊಂಡು ಹರಿಹರಕ್ಕೆ, ಮಲೇಬೆನ್ನೂರಿಗೆ ವಾಪಸು ಹೋಗಬೇಕು. ಬೇಡ.

ಹಂಚಿನ ಮುಂದೆ

ದೋಸೆ ಸ್ಪರ್ಧೆ ಎಂದು ನೋಡಿ ಓಡಿ ಬಂದೆ. ನಮ್ಮಪ್ಪನ ಹೋಟೆಲಿನಲ್ಲಿ ನಾನೂ ಆರು ವರ್ಷ ದೋಸೆ ಹೊಯ್ದಿದ್ದೇನೆ. ಮೇಡಂ, ದಯವಿಟ್ಟು ಬೇಡ. ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳ್ತೀನಿ.

24 ಜನ, ತಲೆಗೆ ಮೂರು. 72 ದೋಸೆ ಆಯಿತು. ಮನೆಯ ಗ್ಯಾಸ್ ಒಲೆಯಲ್ಲಿ ಒಂದು ದೋಸೆಗೆ ಎರಡೂವರೆ ನಿಮಿಷ. ಒಂದೇ ಹಂಚಾದರೆ ಮೂರು ಗಂಟೆ. ನಾಲ್ಕು ಹಂಚು ಇಟ್ಟರೂ ಮುಕ್ಕಾಲು ಗಂಟೆ, ಅದೂ ಬರುವವರು ಹೊಯ್ದರೆ. ಬಾರದವರು ಹೊಯ್ದರೆ ಮೊದಲ ನಾಲ್ಕೈದು ಹಂಚಿಗೇ ಅಂಟುತ್ತವೆ. ಹೋಟೆಲಿನಲ್ಲಿ ದೊಡ್ಡ ಹಂಚು, ಕೆಳಗೆ ಸೌದೆ ಬೆಂಕಿ, ಒಂದೇ ಸಲ ಹತ್ತು-ಹನ್ನೆರಡು ಹೊಯ್ಯುತ್ತೇವೆ. ಆ ಕಾವು ನಿಮ್ಮ ಗ್ಯಾಸಿನಲ್ಲಿ ಬರಲ್ಲ.

ಹಿಟ್ಟಿನ ಕಥೆ ಬೇರೆ. ಎರಡು ಕೆಜಿ ಮೇಲೆ ಅಕ್ಕಿ, ಉದ್ದಿನಬೇಳೆ, ಸ್ವಲ್ಪ ಮೆಂತ್ಯ ಮಧ್ಯಾಹ್ನ ನೆನೆಹಾಕಬೇಕು. ಮಂಡಕ್ಕಿಯನ್ನು ರುಬ್ಬುವ ಹೊತ್ತಿಗೆ ನೆನೆಸಿ ಹಾಕಬೇಕು, ಅದಿಲ್ಲದೆ ನಮ್ಮ ದೋಸೆಗೆ ಆ ಮೆದು ಬರಲ್ಲ. ರಾತ್ರಿಯೆಲ್ಲ ಹುದುಗಬೇಕು. ಇದನ್ನೆಲ್ಲ ಯಾರ ಮನೆಯಲ್ಲಿ ಯಾರು ಮಾಡ್ತಾರೆ? ನೀವೇ ಅಲ್ವಾ? ಆಮೇಲೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ.

ಇನ್ನೊಂದು ಮಾತು. ದೋಸೆ ಒಬ್ಬ ಹೊಯ್ಯುವ ಕೆಲಸ. ಉಳಿದವರು ತಟ್ಟೆ ಹಿಡಿದು ನಿಂತಿರ್ತಾರೆ. ಹೊಯ್ಯುವವನಿಗೆ ಬೆನ್ನೆಲ್ಲ ಬೆವರು, ಯಾರ ಮುಖವನ್ನೂ ನೋಡೋಕೆ ಆಗಲ್ಲ. ಎಲ್ಲರೂ ತಿಂದು ಎದ್ದ ಮೇಲೆ ಅವನು ತಿನ್ನೋದು. ಆರು ವರ್ಷ ಹಂಗೇ ತಿಂದಿದ್ದೀನಿ.

ದುರ್ಗದವಳು

ಚಿತ್ರದುರ್ಗದಿಂದ ಬರೀತಿದ್ದೀನಿ. ನಾವು ಕಚೇರಿಯಲ್ಲಿ "ಎಲ್ಲರೂ ಮನೆಯಿಂದ ಒಂದೊಂದು ತನ್ನಿ" ಎಂಬುದನ್ನು ಎರಡು ವರ್ಷ ಮಾಡಿದೆವು. ಗಂಡಸರೂ ತಂದರು, ಸುಳ್ಳು ಹೇಳಲ್ಲ. ಆದರೆ ಆ ಹೋಳಿಗೆ, ಆ ಎಣ್ಣೆಗಾಯಿ ಮಾಡಿದ್ದು ಅವರ ಮನೆಯ ಹೆಂಗಸರು. ಹೊಗಳಿಕೆ ತಂದವರಿಗೆ. ನಾನು ಬೆಳಿಗ್ಗೆ ನಾಲ್ಕೂವರೆಗೆ ಎದ್ದು 40 ರೊಟ್ಟಿ ಬಡಿದು, ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ, ಊಟ ಆದ ಮೇಲೆ ಪಾತ್ರೆಯನ್ನೂ ತೊಳೆದೆ. ಅಕ್ಕಾ, ಏನೇ ಮಾಡಿ, ತೊಳೆಯುವವರು ಯಾರು ಎಂದು ಮೊದಲೇ ಬರೆದು ಗೋಡೆಗೆ ಅಂಟಿಸಿ.

ಕೋಟೆಗೆ ಬುತ್ತಿ ಕಟ್ಟಿಕೊಂಡು ಹೋಗೋಣ ಎಂದೂ ಒಂದು ಸಲ ಹೊರಟಿದ್ದೆವು. ಮೆಟ್ಟಿಲು ಹತ್ತುವಾಗಲೇ ಕೋತಿ ಬಂದು ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಹೋಯಿತು. ನಮ್ಮ ಮ್ಯಾನೇಜರ್ ಅದರ ಹಿಂದೆ ಓಡಿದರು. ನಿಜ ಹೇಳಬೇಕು ಅಂದರೆ ಆವತ್ತು ನಾವು ನಕ್ಕಷ್ಟು ಯಾವತ್ತೂ ಒಟ್ಟಿಗೆ ನಕ್ಕಿಲ್ಲ. ಆದರೆ ಕೋತಿಯನ್ನು ಬುಕ್ ಮಾಡೋಕೆ ಆಗಲ್ವಲ್ಲ.

ದಿನ ಯಾವುದು ಎಂದೂ ನೋಡಿ. ಶನಿವಾರ ಒಪ್ಪೊತ್ತು ಮಾಡುವವರು ನಿಮ್ಮಲ್ಲೂ ಇರ್ತಾರೆ.

ದೊಡ್ಡಪೇಟೆ ಓದುಗ

ಒಟ್ಟಿಗೆ ಉಣ್ಣುವುದರ ಬಗ್ಗೆ ಅಧ್ಯಯನಗಳೂ ಆಗಿವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಅಗ್ನಿಶಾಮಕ ಠಾಣೆಗಳಲ್ಲಿ ಕೇಳಿ ನೋಡಿದ್ದು 2015ರಲ್ಲಿ ಪ್ರಕಟವಾಯಿತು. ಜೊತೆಯಲ್ಲಿ ಉಣ್ಣುವ ತಂಡಗಳ ಕೆಲಸ ಹೆಚ್ಚು ಚೆನ್ನಾಗಿದೆ ಎಂದು ಅವರ ಮೇಲಿನವರು ಹೇಳಿದ್ದರು. ಅಲ್ಲಿ ದಿನಸಿಗೆ ದುಡ್ಡು ಹಾಕುವವರು ಸಿಬ್ಬಂದಿಯೇ, ಅಡುಗೆಯೂ ಅವರದೇ. ಆದರೆ ಒಟ್ಟಿಗೆ ಉಂಡದ್ದಕ್ಕೆ ಒಗ್ಗಟ್ಟು ಬಂತೋ, ಒಗ್ಗಟ್ಟಿದ್ದವರು ಒಟ್ಟಿಗೆ ಉಂಡರೋ, ಅದನ್ನು ಇಷ್ಟರಿಂದಲೇ ಹೇಳೋಕೆ ಬರಲ್ಲ.

2019ರ ಇನ್ನೊಂದು ಮಜವಾಗಿದೆ. ಗುರುತಿಲ್ಲದ ಇಬ್ಬಿಬ್ಬರನ್ನು ಕೂರಿಸಿ, ಒಬ್ಬ ಮಾಲೀಕರ ಕಡೆ, ಇನ್ನೊಬ್ಬ ಕಾರ್ಮಿಕ ಸಂಘದ ಕಡೆ ಎಂದು ಕೂಲಿ ಮಾತುಕತೆ ಆಡಿಸಿದರು. ಮೊದಲು ಚಿಪ್ಸ್ ಮತ್ತು ಸಾಸ್ ತಿನ್ನಲು ಕೊಟ್ಟಿದ್ದರು. ಒಪ್ಪಂದ ತಡವಾದರೆ ಆಟದಲ್ಲಿ ಮುಷ್ಕರ. ಒಂದೇ ಬಟ್ಟಲಿನಿಂದ ತಿಂದವರ ಆಟದ ಮುಷ್ಕರ ಸರಾಸರಿ 9 ದಿನಕ್ಕೆ ಮುಗಿಯಿತು. ಬೇರೆ ಬೇರೆ ಬಟ್ಟಲಿನವರದ್ದು 13 ದಿನ.

ದುರ್ಗದವಳು

ಒಂದೇ ಬಟ್ಟಲು ಅಮೆರಿಕದಲ್ಲಿ ಸುಲಭ ಸಾರ್. ನಮ್ಮಲ್ಲಿ ಎಂಜಲು ಇದೆ, ಅದರ ಹಿಂದೆ ಯಾರು ಯಾರ ಪಕ್ಕ ಕೂತು ಉಣ್ಣಬೇಕು ಎಂಬ ಹಳೇ ಲೆಕ್ಕ ಇದೆ. ನಮ್ಮ ಅಟೆಂಡರ್ ಅಣ್ಣ ಇವತ್ತಿಗೂ ಹೊರಗೆ ಬೆಂಚಿನ ಮೇಲೆ ಕೂತೇ ಉಣ್ಣೋದು. ಯಾರೂ ಕೂರಬೇಡ ಅಂದಿಲ್ಲ. ಯಾರೂ ಬಾ ಅಂತಲೂ ಕರೆದಿಲ್ಲ. ನಾನೂ ಕರೆದಿಲ್ಲ.

ಹನ್ನೆರಡರ ಪಾನಾ

ನಾನು ಮೆಕ್ಯಾನಿಕ್. ಬೇರೆ ಶೋರೂಮು, ಊರು ಇದೇ. ಅಕ್ಕಾರೆ, ನಿಮ್ಮ ಹುಡುಗರು ಬಾಗಿಲ ಹತ್ತಿರ ಯಾಕೆ ಕೂತರು ಗೊತ್ತಾ? ಚಮಚಕ್ಕಲ್ಲ. ಕೈ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು, ಡೀಸೆಲ್ ವಾಸನೆ ಬೇರೆ. ಪಕ್ಕದವರು ಏನೂ ಅನ್ನಲ್ಲ, ಕುರ್ಚಿ ಮಾತ್ರ ಒಂದು ಗೇಣು ಆ ಕಡೆ ಹೋಗುತ್ತೆ. ನಾವೇ ದೂರ ಕೂತರೆ ಆ ಗೇಣು ನೋಡೋದು ತಪ್ಪುತ್ತೆ.

ನಮ್ಮ ಶೆಡ್ಡಲ್ಲಿ ನಾಲ್ಕು ಗಂಟೆಗೆ ಮಂಡಕ್ಕಿ ಮಿರ್ಚಿ. 20 ವರ್ಷದಿಂದ ನಡೀತಿದೆ, ಯಾರೂ ಅದಕ್ಕೆ ಹೆಸರಿಟ್ಟಿಲ್ಲ. ನಿಮ್ಮಲ್ಲೂ ನಡೀತಿರುತ್ತೆ, ಬಾಗಿಲ ಆ ಕಡೆ. ನೀವು ನೋಡಿಲ್ಲ ಅಷ್ಟೆ. ಅವರನ್ನು ನಿಮ್ಮ ಪಾರ್ಟಿಗೆ ಕರೆಯೋದು ಬಿಡಿ, ನೀವೇ ಅಲ್ಲಿಗೆ ಹೋಗಿ. ನರ್ಗಿಸ್ ಮಂಡಕ್ಕಿ ಮಾಡಿ. ಒಲೆ ಬೇಡ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚೋದು, ಪುಟಾಣಿ ಪುಡಿ ಮಾಡೋದು, ನಿಂಬೆಹಣ್ಣು ಹಿಂಡೋದು, 24 ಜನಕ್ಕೂ ಕೆಲಸ ಇದೆ. ಕಲಸಿದ ಐದು ನಿಮಿಷಕ್ಕೆ ಮೆತ್ತಗಾಗುತ್ತೆ, ಅದಕ್ಕೇ ಸಾಹುಕಾರ್ರೂ ಟೈಮಿಗೆ ಬರಬೇಕು. ಎರಡು ಕೆಜಿ ಮಂಡಕ್ಕಿ ಸಾಕು. ಪೇಪರ್ ಮೇಲೆ ಮಾತ್ರ ಹಾಕಬೇಡಿ, ಶಾಯಿ ಹತ್ತುತ್ತೆ. ಮುತ್ತುಗದ ಎಲೆ ಸಿಗುತ್ತೆ.

ಮೊದಲು ಕೈ ತೊಳೆಯೋಕೆ ಸೋಪು, ಹತ್ತು ನಿಮಿಷ ಟೈಮು ಕೊಡಿ.

ಲೆಕ್ಕದಕ್ಕ, ದಾವಣಗೆರೆ

ಹೋದ ಬುಧವಾರ ಮಾಡಿದೆವು. ಏನಾಯಿತು ಎಂದು ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ.

ಪಾನಾ ಅಣ್ಣಾ, ನೀವು ಹೇಳಿದ್ದು ಸರಿ. ನಮ್ಮ ಶೆಡ್ಡಲ್ಲೂ ನಾಲ್ಕು ಗಂಟೆಗೆ ಮಂಡಕ್ಕಿ ನಡೆಯುತ್ತಿತ್ತು. 13 ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಗಾಡಿ ತೊಳೆಯುವ ಹುಡುಗನ ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರಂತೆ. ಅವನೇ ಚೀಲ ತಂದ. ಬೆರಳಿನಲ್ಲಿ ಒಂದು ಹಿಡಿ ಹಿಸುಕಿ, "ಇದು ಗರಿಗರಿ ಐತಿ, ನಿನ್ನೇದಲ್ಲ" ಎಂದ. ಆವತ್ತು ಅವನೇ ಮೇಸ್ತ್ರಿ. ಸೇಲ್ಸ್ ಮ್ಯಾನೇಜರ್ ಹೆಚ್ಚಿದ ಈರುಳ್ಳಿ ನೋಡಿ, "ಸಾರ್, ಇದು ಸಾಂಬಾರಿಗಲ್ಲ, ಇನ್ನೂ ಸಣ್ಣಕ್ಕೆ ಹೆಚ್ರಿ" ಎಂದ. ಅವರು ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡನೇ ಸಲ ಹೆಚ್ಚಿದರು. ಎಣ್ಣೆ-ಅರಿಶಿನ ಎಷ್ಟು, ಉಪ್ಪು ಎಷ್ಟು ಎಲ್ಲ ಅವನ ಕೈಯಳತೆ.

ಈರುಳ್ಳಿ ತಿನ್ನದವರು ಇಬ್ಬರಿದ್ದರು. ಅವರದ್ದು ಮೊದಲೇ ಬೇರೆ ಬೋಗುಣಿಯಲ್ಲಿ ತೆಗೆದಿಟ್ಟ. ನಾನು ಹೇಳಿರಲಿಲ್ಲ, ಅವನಿಗೇ ಗೊತ್ತಿತ್ತು. ದಿನಾ ಟೀ ತಂದುಕೊಡುವವನು ಅವನೇ ಅಲ್ವಾ.

ಮಿರ್ಚಿ ಗಾಡಿಯಿಂದ ಬಿಸಿಬಿಸಿ ಬಂತು. ದೊಡ್ಡ ಡ್ರಮ್ಮಿನಲ್ಲಿ ಮಜ್ಜಿಗೆ. ಎಲ್ಲರೂ ಟೈರಿನ ಮೇಲೆ, ಖಾಲಿ ಪೆಟ್ಟಿಗೆ ಮೇಲೆ ಕೂತರು. ಚಿಕ್ಕ ಸಾಹುಕಾರ್ರು ಫೋನಿನಲ್ಲಿದ್ದು ಹತ್ತು ನಿಮಿಷ ತಡವಾಗಿ ಬಂದರು. ಮೆತ್ತಗಾದದ್ದನ್ನೇ ತಿಂದರು. ಏನೂ ಅನ್ನಲಿಲ್ಲ. ತೊಳೆಯುವವರ ಪಟ್ಟಿ ನಾನು ಮೊದಲೇ ಅಂಟಿಸಿದ್ದೆ, ಅದರಲ್ಲಿ ಅವರ ಹೆಸರೂ ಇತ್ತು. ಬೋಗುಣಿ ಹಿಂದೆ ಎಣ್ಣೆ ಜಿಡ್ಡು ಉಳಿಸಿದ್ದರು. ಇರಲಿ.

ಎಲ್ಲ ಸರಿಹೋಯಿತು ಎಂದೇನಲ್ಲ. ನಮ್ಮ ಲೆಕ್ಕದ ವಿಭಾಗದ ಹುಡುಗಿಗೂ ಸ್ಪೇರ್ ಪಾರ್ಟ್ಸ್‌ನವನಿಗೂ ಆಯಿಲ್ ಫಿಲ್ಟರ್ ಸ್ಟಾಕಿನ ಜಗಳ ಹಾಗೇ ಇದೆ. ಅವರಿಬ್ಬರೂ ಮಂಡಕ್ಕಿಯನ್ನೂ ಬೆನ್ನು ತಿರುಗಿಸಿ ತಿಂದರು. ಆದರೆ ಶುಕ್ರವಾರ ಒಬ್ಬ ಸೇಲ್ಸ್ ಹುಡುಗ ರೈತರನ್ನು ಕೂರಿಸಿ, "ಒಂದ್ನಿಮಿಷ, ಹಿಂದೆ ಕೇಳಿಕೊಂಡು ಬರ್ತೀನಿ" ಎಂದು ಶೆಡ್ಡಿಗೆ ಹೋಗಿದ್ದನ್ನು ನೋಡಿದೆ. ಬಾಗಿಲನ್ನು ಹಾಗೇ ತೆರೆದಿಟ್ಟು ಹೋಗಿದ್ದ. ಎ.ಸಿ. ಗಾಳಿಯೆಲ್ಲ ಹೊರಗೆ.

ಖರ್ಚು 1,850. ಉಳಿದದ್ದು 6,150. ಅವತ್ತು ಹನ್ನೊಂದು ಜನ ಒಂದೇ ಬಕೆಟ್ಟಿನ ನೀರಿನಲ್ಲಿ ಕೈ ತೊಳೆದರು, ಗ್ರೀಸಿನ ಕೈ. ನಾನು ಅದನ್ನೂ ಮೊದಲ ಸಲ ನೋಡಿದ್ದು. ಶೆಡ್ಡಿಗೆ ಎರಡು ನಲ್ಲಿ, ಒಂದು ಬೇಸಿನ್ ಹಾಕಿಸುತ್ತಿದ್ದೇನೆ. ಪ್ಲಂಬರ್ ನಾಳೆ ಬರುತ್ತಾನೆ. ವೋಚರಿನಲ್ಲಿ ರಿಪೇರಿ ಖರ್ಚು ಎಂದು ಬರೆದರೆ ದೊಡ್ಡ ಸಾಹುಕಾರ್ರು ನೂರು ಪ್ರಶ್ನೆ ಕೇಳ್ತಾರೆ. ಅದಕ್ಕೇ ಟೀಮ್ ಬಾಂಡಿಂಗ್ ಎಂದೇ ಬರೆದಿದ್ದೇನೆ.