ಕುತ್ತಿಗೆಯಲ್ಲಿ ಟ್ಯೂಬ್ ಇರುವ ತಮ್ಮನನ್ನು ಹಳ್ಳಿಯ ಮನೆಗೆ ಕರೆತರುತ್ತಿದ್ದೇವೆ: ಹೋಮ್ ನರ್ಸ್ ಎಷ್ಟು ಹೊತ್ತು ಬೇಕು?

ಪ್ರಶ್ನೆ: ಶ್ರೀನಿವಾಸಪುರದವನು

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವನು. 34 ವರ್ಷದ ನನ್ನ ತಮ್ಮ ಈ ಸಲದ ಮಾವಿನ ಕೊಯ್ಲಿನಲ್ಲಿ ಮರದಿಂದ ಬಿದ್ದು, ಕುತ್ತಿಗೆಯ ಐದನೆಯ ಮೂಳೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಹತ್ತು ವಾರಗಳಿಂದ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದಾನೆ. ಭುಜ ಆಡಿಸುತ್ತಾನೆ, ಮೊಣಕೈ ಸ್ವಲ್ಪ ಮಡಿಸುತ್ತಾನೆ. ಎದೆಯಿಂದ ಕೆಳಗೆ ಸ್ವಾಧೀನವಿಲ್ಲ. ಉಸಿರಾಟ ತಾನಾಗಿಯೇ ನಡೆಯುತ್ತಿದೆ, ಆದರೆ ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ತೂತು ಮಾಡಿ ಹಾಕಿದ ಟ್ರಕಿಯೊಸ್ಟಮಿ ಟ್ಯೂಬ್ ಇನ್ನೂ ತೆಗೆದಿಲ್ಲ. ಆಹಾರಕ್ಕೆ ಮೂಗಿನಲ್ಲಿ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾತಿಟರ್ ಕೊಳವೆ ಇವೆ. ಇನ್ನು ಹದಿನೈದು ದಿನಗಳಲ್ಲಿ ಡಿಸ್ಚಾರ್ಜ್ ಮಾಡುವುದಾಗಿ ವೈದ್ಯರು ತಿಳಿಸಿದ್ದಾರೆ.

ಮನೆಯಲ್ಲಿ ನಾನು, ತಮ್ಮನ ಹೆಂಡತಿ ಮತ್ತು 66 ವರ್ಷದ ನಮ್ಮ ತಾಯಿ ಇದ್ದೇವೆ. ಒಂದು ಏಜೆನ್ಸಿಯವರು ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲೇ ಇರುವ ಹೋಮ್ ನರ್ಸ್ ಕೊಡುವುದಾಗಿ ಹೇಳಿ ಒಂದು ತಿಂಗಳ ಅಡ್ವಾನ್ಸ್ ಕೇಳಿದರು. ಎಲ್ಲ ಅನುಭವವೂ ಇದೆ ಎಂದು ಅವರು ಕಳುಹಿಸಿದ ಹೆಣ್ಣುಮಗಳನ್ನು ಮೊದಲು ಆಸ್ಪತ್ರೆಗೇ ಕರೆಸಿದ್ದು ಒಳ್ಳೆಯದಾಯಿತು. ವಾರ್ಡಿನ ಸಿಸ್ಟರ್ ಕಫ ಹೀರಿ ತೆಗೆಯುವ ಸಕ್ಷನ್ ಕೊಳವೆಯನ್ನು ಕೈಗೆ ಕೊಟ್ಟೊಡನೆ ಆಕೆ ಹಿಂದೆ ಸರಿದು, ತಾನು ಇದುವರೆಗೆ ವಯಸ್ಸಾದವರಿಗೆ ಸ್ನಾನ ಮಾಡಿಸಿ ಊಟ ಕೊಟ್ಟಿದ್ದಷ್ಟೇ ಎಂದು ಪ್ರಾಮಾಣಿಕವಾಗಿ ಹೇಳಿಬಿಟ್ಟಳು. ಅವಳ ಮೇಲೆ ನನಗೆ ಕೋಪವಿಲ್ಲ, ಕಳುಹಿಸಿದವರ ಮೇಲಿದೆ. ನನ್ನ ಪ್ರಶ್ನೆ ಇಷ್ಟು: ಇಂಥ ರೋಗಿಗೆ ದಿನವಿಡೀ ನರ್ಸ್ ಬೇಕೇಬೇಕೆ? ಮನೆಯವರು ಕಲಿಯಬಹುದಾದದ್ದು ಯಾವುದು, ಕಲಿಯಬಾರದ್ದು ಯಾವುದು?

ಉತ್ತರ 1: ಸ್ಟಾಫ್ ನರ್ಸ್, ಕೋಲಾರ

ನಿಮ್ಮ ಪ್ರಶ್ನೆಯಲ್ಲಿರುವ ‘ನರ್ಸ್’ ಎಂಬ ಒಂದೇ ಪದದೊಳಗೆ ಎರಡು ಬೇರೆ ಕೆಲಸಗಳಿವೆ. ನಮ್ಮ ಕಡೆ ಹೋಮ್ ನರ್ಸ್ ಎಂದು ಕರೆಯುವವರಲ್ಲಿ ಬಹುಪಾಲು ನರ್ಸಿಂಗ್ ಓದದ ಅಟೆಂಡರ್‌ಗಳು. ಎರಡು ವರ್ಷದ ಎಎನ್ಎಂ, ಮೂರು ವರ್ಷದ ಜಿಎನ್ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಏಜೆನ್ಸಿಯವರನ್ನು ಮೊದಲು ಆ ಸಂಖ್ಯೆಯನ್ನೇ ಕೇಳಿ. ಅದಿಲ್ಲದವರನ್ನು ಇಟ್ಟುಕೊಳ್ಳಬಾರದೆಂದಲ್ಲ, ನರ್ಸಿನ ಸಂಬಳ ಕೊಟ್ಟು ಇಟ್ಟುಕೊಳ್ಳಬಾರದು.

ಈಗ ನಿಮ್ಮ ತಮ್ಮನ ದಿನವನ್ನು ಗಂಟೆಗಂಟೆಯಾಗಿ ಒಂದು ಹಾಳೆಯಲ್ಲಿ ಬರೆದು ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಮೈ ಒರೆಸುವುದು, ಟ್ಯೂಬಿನಲ್ಲಿ ಆಹಾರ ಕೊಡುವುದು, ಮೂತ್ರದ ಚೀಲ ಖಾಲಿ ಮಾಡಿ ಅಳತೆ ಬರೆದಿಡುವುದು, ದಿನಕ್ಕೊಮ್ಮೆಯೋ ದಿನ ಬಿಟ್ಟು ದಿನವೋ ಒಂದೇ ಹೊತ್ತಿಗೆ ಮಲವಿಸರ್ಜನೆ ಮಾಡಿಸುವುದು, ಇವೆಲ್ಲವನ್ನೂ ಹದಿನೈದು ದಿನಗಳಲ್ಲಿ ಮನೆಯವರು ಕಲಿಯಬಹುದು. ಸಕ್ಷನ್ ಕೂಡ ಕಲಿಯಬಹುದು, ಕಲಿಯಲೇಬೇಕು. ಕಫ ಕಟ್ಟಿದಾಗ ನರ್ಸ್ ಬರುವವರೆಗೆ ಉಸಿರು ಕಾಯುವುದಿಲ್ಲ. ಕೊಳವೆ ಒಳಹೋಗಿ ಹೊರಬರುವುದು ಹತ್ತರಿಂದ ಹದಿನೈದು ಸೆಕೆಂಡಿನೊಳಗೆ ಮುಗಿಯಬೇಕು, ಮತ್ತು ಗೊರಗೊರ ಶಬ್ದ ಕೇಳಿದಾಗ ಮಾಡಬೇಕೇ ಹೊರತು ಗಡಿಯಾರ ನೋಡಿಕೊಂಡಲ್ಲ. ಹಾಸಿಗೆಯ ಪಕ್ಕದಲ್ಲಿ ಅದೇ ಅಳತೆಯ ಒಂದು ಟ್ಯೂಬ್, ಅದಕ್ಕಿಂತ ಒಂದು ಅಳತೆ ಚಿಕ್ಕದು ಇನ್ನೊಂದು, ಜೊತೆಗೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಸದಾ ಇರಲಿ. ಹಳ್ಳಿಯಲ್ಲಿ ಕರೆಂಟು ಹೋದರೆ ಸಕ್ಷನ್ ಯಂತ್ರ ನಿಲ್ಲುತ್ತದೆ. ಕಾಲಿನಿಂದ ತುಳಿಯುವ ಸಕ್ಷನ್ ಪಂಪು ಸಿಗುತ್ತದೆ, ಅದನ್ನು ಡಿಸ್ಚಾರ್ಜಿಗೆ ಮೊದಲೇ ಕೊಂಡುಕೊಳ್ಳಿ. ಸೌದೆ ಒಲೆಯ ಹೊಗೆಯಾಗಲಿ ಊದುಬತ್ತಿಯ ಹೊಗೆಯಾಗಲಿ ಆ ಕೋಣೆಗೆ ಬರಬಾರದು, ಏಕೆಂದರೆ ಗಾಳಿಯನ್ನು ಸೋಸುವ ಮೂಗನ್ನು ಬಿಟ್ಟು ಅವರು ಕುತ್ತಿಗೆಯಿಂದ ಉಸಿರಾಡುತ್ತಿದ್ದಾರೆ.

ಟ್ರಕಿಯೊಸ್ಟಮಿ ಟ್ಯೂಬ್ ಮತ್ತು ಕ್ಯಾತಿಟರ್ ಬದಲಾವಣೆ, ಮೂಗಿನ ಟ್ಯೂಬ್ ಮತ್ತೆ ಹಾಕುವುದು, ಮಲಗಿಯೇ ಇರುವುದರಿಂದ ಆಗುವ ಹುಣ್ಣು ಆಳವಾದರೆ ಅದಕ್ಕೆ ಡ್ರೆಸ್ಸಿಂಗ್, ಇವು ಮಾತ್ರ ತರಬೇತಾದವರ ಕೆಲಸ, ಮತ್ತು ಇವು ದಿನವೂ ಬರುವುದಿಲ್ಲ. ಆದ್ದರಿಂದ ನನ್ನ ಸಲಹೆಯೇನೆಂದರೆ, ಮೊದಲ ಒಂದು ತಿಂಗಳು ರಾತ್ರಿಯ ಹೊತ್ತಿಗೆ ನೋಂದಾಯಿತ ನರ್ಸ್ ಇರಲಿ, ಆಮೇಲೆ ವಾರಕ್ಕೊಮ್ಮೆ ಬಂದು ಹೋಗಲಿ, ಹಗಲಿಗೆ ಎತ್ತಿ ಇಳಿಸಲು ಗಟ್ಟಿಮುಟ್ಟಾದ ಒಬ್ಬ ಗಂಡು ಅಟೆಂಡರ್ ಸಾಕು. ನಿಮ್ಮ ತಾಯಿಯವರು ಒಮ್ಮೆಯೂ ಅವರನ್ನು ಎತ್ತಬಾರದು. ಒಬ್ಬ ರೋಗಿಯಿರುವ ಮನೆಯಲ್ಲಿ ಇನ್ನೊಬ್ಬರು ಸೊಂಟ ಹಿಡಿದು ಮಲಗಿದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಬೆನ್ನ ಕೆಳಗೆ ಅಡ್ಡಲಾಗಿ ಒಂದು ಮಡಚಿದ ಬೆಡ್‌ಶೀಟ್ ಹಾಸಿಟ್ಟರೆ ಇಬ್ಬರು ಎರಡು ಕಡೆಯಿಂದ ಅದನ್ನು ಹಿಡಿದು ಜರುಗಿಸಬಹುದು.

ಇನ್ನೊಂದು ವಿಷಯವನ್ನು ದಯವಿಟ್ಟು ಗೋಡೆಯ ಮೇಲೆ ಬರೆದು ಅಂಟಿಸಿ. ಬೆನ್ನುಹುರಿಗೆ ಎದೆಯ ಆರನೆಯ ಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತೊಂದರೆ ಬರಬಹುದು. ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗಿ ಬೆವರುವುದು, ರಕ್ತದೊತ್ತಡ ಏರುವುದು ಇದರ ಲಕ್ಷಣಗಳು. ಹೆಚ್ಚಿನ ಸಲ ಕಾರಣ ಬಹಳ ಸಣ್ಣದಾಗಿರುತ್ತದೆ: ಕ್ಯಾತಿಟರ್ ಮಡಚಿಕೊಂಡು ಮೂತ್ರ ನಿಂತಿರುತ್ತದೆ, ಮಲ ಕಟ್ಟಿರುತ್ತದೆ, ಇಲ್ಲವೇ ಬಟ್ಟೆ ಬಿಗಿಯಾಗಿರುತ್ತದೆ. ತಕ್ಷಣ ಅವರನ್ನು ಎತ್ತಿ ಕೂರಿಸಿ, ಕಾಲು ಇಳಿಬಿಡಿಸಿ, ಬಟ್ಟೆ ಸಡಿಲಿಸಿ, ಕೊಳವೆ ಪರೀಕ್ಷಿಸಿ. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಇಂಥವರ ಬಿ.ಪಿ.ಯ ಮೇಲಿನ ಅಂಕಿ ಸಾಮಾನ್ಯವಾಗಿ 90ರಿಂದ 110ರ ಆಸುಪಾಸಿನಲ್ಲಿರುವುದರಿಂದ 140 ಬಂದರೂ ಅದು ಅವರಿಗೆ ಅಪಾಯವೇ, ಆದರೆ ನೋಡಿದವರು ‘ನಾರ್ಮಲ್ ಇದೆ’ ಎಂದು ಕಳುಹಿಸಿಬಿಡುವ ಸಂಭವವಿದೆ. ಆದ್ದರಿಂದ ಡಿಸ್ಚಾರ್ಜ್ ಸಾರಾಂಶದಲ್ಲಿ ತಮ್ಮನ ದಿನನಿತ್ಯದ ಬಿ.ಪಿ. ಎಷ್ಟೆಂದು ಬರೆಸಿಕೊಳ್ಳಿ.

ಉತ್ತರ 2: ಚಿಂತಾಮಣಿಯ ತಾಯಿ

ಸಿಸ್ಟರ್ ಬರೆದದ್ದಕ್ಕೆ ನನ್ನದೊಂದು ಸೇರ್ಪಡೆ. ಸೆರೆಬ್ರಲ್ ಪಾಲ್ಸಿ ಇರುವ ನನ್ನ ಮಗಳನ್ನು ಹನ್ನೊಂದು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅವಳಿಗೂ ಎರಡು ವರ್ಷ ರೈಲ್ಸ್ ಟ್ಯೂಬ್ ಇತ್ತು. ರಾಗಿ ಅಂಬಲಿಗಿಂತ ಒಳ್ಳೆಯ ಆಹಾರ ಯಾವುದಿದೆ ಎಂದುಕೊಂಡು ಮೊದಲ ವಾರವೇ ಅದನ್ನು ಕೊಟ್ಟೆ, ಸಂಜೆಗೆ ಟ್ಯೂಬ್ ಕಟ್ಟಿ ರಾತ್ರಿ ಆಸ್ಪತ್ರೆಗೆ ಓಡಬೇಕಾಯಿತು. ಅಂದಿನಿಂದ ತೆಳುವಾದ ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿ, ನೀರಾಗಿಸಿ ಕೊಡುತ್ತಿದ್ದೆ. ಆಹಾರಕ್ಕೆ ಮೊದಲೂ ನಂತರವೂ 30 ಎಂ.ಎಲ್. ಉಗುರುಬೆಚ್ಚಗಿನ ನೀರು ಬಿಡಬೇಕು, ಮಾತ್ರೆಗಳನ್ನು ನುಣ್ಣಗೆ ಪುಡಿಮಾಡಿ ಒಂದೊಂದಾಗಿ ಕೊಡಬೇಕು. ಪುಡಿ ಮಾಡಬಾರದ ಮಾತ್ರೆಗಳೂ ಇವೆ, ವೈದ್ಯರನ್ನು ಕೇಳಿಯೇ ಮಾಡಿ. ತಲೆದಿಸೆಯನ್ನು 30ರಿಂದ 45 ಡಿಗ್ರಿ ಎತ್ತರಿಸಿಟ್ಟು, ಊಟವಾದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೆಯೇ ಬಿಡಿ.

ಸರ್ಕಾರದ ಕಡೆಯಿಂದ ಸಿಗುವುದರ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಬರೆಯುತ್ತೇನೆ, ಏಕೆಂದರೆ ಆಸೆ ಇಟ್ಟುಕೊಂಡು ಅಲೆಯುವುದರಲ್ಲಿ ತಿಂಗಳುಗಳು ಹೋಗುತ್ತವೆ. ಒಂದು ಲಕ್ಷ ರೂಪಾಯಿಯ ನಿರಾಮಯ ಆರೋಗ್ಯ ವಿಮೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬರುವುದರಿಂದ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯಕ್ಕಷ್ಟೇ ಅನ್ವಯಿಸುತ್ತದೆ. ರಾಜ್ಯದ 2024-25ರ ಬಜೆಟ್ಟಿನಲ್ಲಿ ಆರೈಕೆದಾರರಿಗೆ ಘೋಷಿಸಿದ ತಿಂಗಳಿಗೆ 1,000 ರೂಪಾಯಿಯೂ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಮನೆಗಳಿಗೆ. ಬೆನ್ನುಹುರಿಯ ಪೆಟ್ಟು ಎರಡರಲ್ಲೂ ಇಲ್ಲ. ನಿಮಗೆ ದಾರಿಯಿರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ: ಅದರ 38ನೆಯ ಕಲಮಿನಡಿ ಹೆಚ್ಚಿನ ಬೆಂಬಲ ಅಗತ್ಯವಿರುವ ವ್ಯಕ್ತಿಯೆಂದು ಅರ್ಜಿ ಹಾಕಬಹುದು, ಮತ್ತು ಅಂಥವರಿಗೆ ಆರೈಕೆದಾರರ ಭತ್ಯೆಯ ಮಾತು 24ನೆಯ ಕಲಮಿನಲ್ಲಿದೆ. ಮೊದಲು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಮಾಸಾಶನಕ್ಕೂ ಅದರಲ್ಲಿರುವ ಅಂಗವೈಕಲ್ಯದ ಶೇಕಡಾವಾರು ಪ್ರಮಾಣವೇ ಆಧಾರ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯು ಅವರನ್ನು, ನಿಮ್ಮ ತಮ್ಮ ಊರಿಗೆ ಬರುವ ಮೊದಲೇ ಭೇಟಿಯಾಗಿ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೂ ಆಶಾ ಕಾರ್ಯಕರ್ತೆಗೂ ಹಾಸಿಗೆ ಹಿಡಿದವರ ಮನೆಗೆ ಭೇಟಿ ಕೊಡುವ ಜವಾಬ್ದಾರಿಯಿದೆ, ಅವರ ಪಟ್ಟಿಯಲ್ಲಿ ಹೆಸರು ಸೇರಿಸಿ. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯ ಬಗ್ಗೆ ಯಾರಾದರೂ ಹೇಳಬಹುದು. ಅದು ಮುಖ್ಯವಾಗಿ ಬಿ.ಪಿ., ಸಕ್ಕರೆ ಕಾಯಿಲೆಯಂಥವುಗಳ ತಪಾಸಣೆಗೆ, ಮನೆಯಲ್ಲಿ ಕೂತು ಶುಶ್ರೂಷೆ ಮಾಡುವುದಕ್ಕಲ್ಲ.

ಉತ್ತರ 3: ಗಾಲಿಕುರ್ಚಿಯಿಂದ, ತುಮಕೂರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಇಷ್ಟು ಬರಹದಲ್ಲಿ ನಿಮ್ಮ ತಮ್ಮನಿಗೆ ಏನು ಬೇಕೆಂದು ಯಾರೂ ಕೇಳಿಲ್ಲ. ನನಗೂ ಬೆನ್ನುಹುರಿಯ ಪೆಟ್ಟಾಗಿ ಹದಿನಾಲ್ಕು ವರ್ಷವಾಯಿತು. ನನ್ನ ಮೈ ತೊಳೆಯುವವರು ಯಾರು, ಗಂಡಸೋ ಹೆಂಗಸೋ, ಹೆಂಡತಿಯೇ ಮಾಡಬೇಕೋ ಬೇಡವೋ ಎಂಬುದನ್ನು ಮೊದಲ ವರ್ಷ ಇತರರೇ ತೀರ್ಮಾನಿಸಿದರು. ಹೆಂಡತಿಗೆ ಎಲ್ಲ ಕೆಲಸ ಕಲಿಸಿ ಅವಳನ್ನೇ ಪೂರ್ತಿ ನರ್ಸ್ ಮಾಡಬೇಡಿ. ಮಲವಿಸರ್ಜನೆಯ ಕೆಲಸವನ್ನಾದರೂ ಸಂಬಳಕ್ಕೆ ಬಂದವರಿಗೆ ಬಿಡಿ ಎಂಬುದು ನನ್ನ ಅಭಿಪ್ರಾಯ. ಸಿಸ್ಟರ್ ಅದನ್ನು ಮನೆಯವರ ಪಟ್ಟಿಗೆ ಸೇರಿಸಿದ್ದಾರೆ, ಅಲ್ಲಿ ಮಾತ್ರ ನನ್ನ ತಕರಾರು.

ಟ್ಯೂಬ್ ಇರುವಾಗ ಧ್ವನಿ ಬರುವುದಿಲ್ಲ. ಮಾತಾಡಲು ನೆರವಾಗುವ ಸ್ಪೀಕಿಂಗ್ ವಾಲ್ವ್ ಹಾಕಲು ಬರುತ್ತದೆಯೇ ಎಂದು ವೈದ್ಯರನ್ನು ಕೇಳಿ, ಆದರೆ ಟ್ಯೂಬಿನ ಸುತ್ತ ಬಲೂನಿನಂತೆ ಉಬ್ಬುವ ಕಫ್‌ನಿಂದ ಗಾಳಿ ತೆಗೆಯದೆ ಅದನ್ನು ಎಂದೂ ಹಾಕಬಾರದು. ಅಲ್ಲಿಯವರೆಗೆ ಒಂದು ರಟ್ಟಿನ ಮೇಲೆ ನಮ್ಮ ವರ್ಣಮಾಲೆಯನ್ನು ಸಾಲುಸಾಲಾಗಿ ದೊಡ್ಡದಾಗಿ ಬರೆಯಿರಿ. ಮೊದಲು ಸಾಲು ತೋರಿಸಿ: ಸ್ವರವೇ, ಕ ವರ್ಗವೇ, ಚ ವರ್ಗವೇ? ಅವರು ತಲೆಯಾಡಿಸಿದ ಸಾಲಿನಲ್ಲಿ ಅಕ್ಷರ ತೋರಿಸಿ. ಕಾಗುಣಿತದ ಗೊಡವೆ ಬೇಡ, ಬರಿಯ ವ್ಯಂಜನಗಳಿಂದಲೇ ಅರ್ಧ ಮಾತು ಊಹೆಗೆ ಸಿಗುತ್ತದೆ.

ಹುಣ್ಣಿನ ಬಗ್ಗೆ ಒಂದು ಮಾತು. ನಮ್ಮ ಮೈಬಣ್ಣದಲ್ಲಿ ಕೆಂಪು ಕಲೆ ಸುಲಭವಾಗಿ ಕಾಣುವುದಿಲ್ಲ. ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಇವನ್ನು ದಿನಕ್ಕೆ ಎರಡು ಸಲ ಕೈಯ ಹಿಂಭಾಗದಿಂದ ಮುಟ್ಟಿ, ಸುತ್ತಲಿನದಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ನೋಡಬೇಕು. ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಾಯಿಸುವುದನ್ನು ನಿಲ್ಲಿಸಿದ ಒಂದೇ ವಾರದಲ್ಲಿ ನನಗಾದ ಹುಣ್ಣು ಮಾಯಲು ಏಳು ತಿಂಗಳು ಹಿಡಿಯಿತು.

ಪ್ರಶ್ನೆ ಕೇಳಿದವನು, ಒಂಬತ್ತು ದಿನಗಳ ನಂತರ

ಮೂವರಿಗೂ ಕೃತಜ್ಞತೆಗಳು. ಹಾಳೆಯಲ್ಲಿ ದಿನವನ್ನು ಬರೆದು ವಾರ್ಡಿಗೆ ಒಯ್ದೆವು. ಸಿಸ್ಟರ್ ಅದನ್ನು ತಿದ್ದಿಕೊಟ್ಟು, ಸಕ್ಷನ್ ಅನ್ನು ನನ್ನಿಂದಲೂ ತಮ್ಮನ ಹೆಂಡತಿಯಿಂದಲೂ ದಿನಕ್ಕೆ ನಾಲ್ಕು ಸಲ ಮಾಡಿಸುತ್ತಿದ್ದಾರೆ. ಮೊದಲ ದಿನ ನನ್ನ ಕೈ ನಡುಗಿತು, ಅವಳದು ನಡುಗಲಿಲ್ಲ. ಜಿಎನ್ಎಂ ಮಾಡಿದ ನಮ್ಮ ತಾಲ್ಲೂಕಿನವರೇ ಒಬ್ಬರು ಒಂದು ತಿಂಗಳು ರಾತ್ರಿ ಇರಲು ಒಪ್ಪಿದ್ದಾರೆ, ನೋಂದಣಿ ಸಂಖ್ಯೆಯನ್ನು ಕೇಳುವ ಮೊದಲೇ ತೋರಿಸಿದರು. ಹಗಲಿಗೆ ಅಟೆಂಡರ್ ಒಬ್ಬನನ್ನು ಗೊತ್ತುಮಾಡಿಕೊಂಡು, ಎರಡು ದಿನದಿಂದ ಆಸ್ಪತ್ರೆಯಲ್ಲೇ ಜೊತೆಗಿರಿಸಿಕೊಂಡು ಕೆಲಸ ಕಲಿಸುತ್ತಿದ್ದೇವೆ. ಮಲವಿಸರ್ಜನೆಯ ಕೆಲಸ ಅವನದೇ ಆಗಲೆಂದು ತಮ್ಮ ತಲೆಯಾಡಿಸಿದ.

ರಟ್ಟಿನ ವರ್ಣಮಾಲೆ ಕೆಲಸಕ್ಕೆ ಬಂತು. ನಿನ್ನೆ ತಮ್ಮ ಪ ವರ್ಗದಿಂದ ‘ಮ’, ‘ಬ’, ಆಮೇಲೆ ‘ಲ’ ತೋರಿಸಿದ. ಅಮ್ಮ ಮಾವಿನ ಬೆಲೆ ಕೇಳುತ್ತಿದ್ದಾನೆ ಅಂದುಕೊಂಡರು. ಅವನು ಹೇಳುತ್ತಿದ್ದದ್ದು ಮೊಬೈಲ್: ಹೊಸ ಅಟೆಂಡರ್ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ಜೋರಾಗಿ ವಿಡಿಯೊ ನೋಡುತ್ತಾನಂತೆ. ರಜೆ, ಊಟ, ಸಂಬಳದ ತಾರೀಖು ಬರೆದಿದ್ದ ಕರಾರು ಪತ್ರದಲ್ಲಿ ಅದನ್ನೂ ಒಂದು ಷರತ್ತಾಗಿ ಸೇರಿಸಿದ್ದೇವೆ.