ಅಪ್‌ಡೇಟ್: ಜೀಪಿನ ಹೆಚ್ಚುವರಿ ದೀಪಗಳು ಮಂಕಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನನ್ನ ಜೀಪಿನ ಮುಂಬದಿಯ ಬಂಪರಿಗೆ ನಾನೇ ಅಳವಡಿಸಿಕೊಂಡ 55 ವಾಟ್‌ನ ಎರಡು ಹ್ಯಾಲೊಜೆನ್ ದೀಪಗಳು ಹತ್ತು ನಿಮಿಷದೊಳಗೆ ಮಂಕಾಗಿ, ಡ್ಯಾಶ್‌ಬೋರ್ಡಿನ ಸ್ವಿಚ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ ಎಂದು ಹಿಂದೆ ಕೇಳಿದ್ದೆ. ದೀಪಗಳನ್ನೇ ಬದಲಿಸಿ ಎಂದವರ ಮಾತಿಗಿಂತ, ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ ಎಂದವರ ಮಾತು ಸರಿಯಾಗಿತ್ತು.

ಎಂಜಿನ್ ಚಾಲನೆಯಲ್ಲಿದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ದೀಪದ ಬಳಿ 11.6 ಮಾತ್ರ ಸಿಕ್ಕಿತು. ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ ಶೇ 10ರಷ್ಟು ಕುಸಿದರೆ ಬೆಳಕು ಸುಮಾರು ಶೇ 30ರಷ್ಟು ಕುಸಿಯುವುದರಿಂದ, ಮಂಕಾಗಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಎರಡೂ ದೀಪಗಳ 9 ಆಂಪಿಯರ್ ಕರೆಂಟನ್ನು ತೆಳು ತಂತಿ ಮತ್ತು ಸಣ್ಣ ಸ್ವಿಚ್ಚಿನ ಮೂಲಕವೇ ಹರಿಸಿದ್ದು ನನ್ನ ತಪ್ಪು. ಸ್ವಿಚ್ಚನ್ನು ಬಿಚ್ಚಿದಾಗ ಅದರ ಹಿಂಬದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಟರ್ಮಿನಲ್ ಓರೆಯಾಗಿ ಕುಸಿದಿತ್ತು.

ಈಗ ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಹಾಕಿ, ಅಲ್ಲಿಂದ 2.5 ಚದರ ಮಿಲಿಮೀಟರ್ ತಂತಿಯನ್ನು ರಿಲೇಯ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಪಿನ್ನಿಗೂ, 87ನೇ ಪಿನ್ನಿನಿಂದ ದೀಪಗಳಿಗೂ ಎಳೆದಿದ್ದೇನೆ. ಡ್ಯಾಶ್‌ಬೋರ್ಡಿನ ಸ್ವಿಚ್ ಈಗ 85 ಮತ್ತು 86ನೇ ಪಿನ್ನುಗಳ ನಡುವಿನ, ರಿಲೇಯನ್ನು ಆನ್ ಮಾಡುವ ಕಾಯಿಲ್‌ಗೆ ಬೇಕಾದ ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಇಷ್ಟಾದರೂ ಎಡದೀಪ ಮಿನುಗುತ್ತಲೇ ಇತ್ತು. ಅರ್ಧ ದಿನ ಹುಡುಕಿದ ಮೇಲೆ, ಕರೆಂಟ್ ಬ್ಯಾಟರಿಗೆ ಮರಳುವ ಅರ್ಥಿಂಗ್ ಬೋಲ್ಟನ್ನು ಬಣ್ಣ ಬಳಿದ ಚಾಸಿಯ (ಜೀಪಿನ ಲೋಹದ ಚೌಕಟ್ಟು) ಮೇಲೆಯೇ ಬಿಗಿದಿದ್ದು ಕಣ್ಣಿಗೆ ಬಿತ್ತು; ಬಣ್ಣ ಕರೆಂಟನ್ನು ತಡೆಯುತ್ತಿತ್ತು. ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬಿಗಿದು, ಮೇಲೆ ಗ್ರೀಸ್ ಸವರಿದೆ. ದೀಪದ ಬಳಿ ಈಗ 13.4 ವೋಲ್ಟ್ ಇದೆ.

ನೀರು ದಾಟುವಾಗ ತೊಂದರೆಯಾಗದಿರಲೆಂದು ರಿಲೇಯನ್ನು ಎತ್ತರದಲ್ಲಿ, ಪಿನ್ನುಗಳು ಕೆಳಮುಖವಾಗಿರುವಂತೆ ಕೂರಿಸಿದ್ದೇನೆ.