ಟಿಕ್ ತೆಗೆದರೂ ಚೀಲದ ತೂಕ ಕಳೆಯುತ್ತಿದೆ (ಪೈಥಾನ್, ಟಿಕಿಂಟರ್)

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ಚಿಕ್ಕಪ್ಪನ ಅಡಿಕೆ ಲೆಕ್ಕಕ್ಕೆ ಟಿಕಿಂಟರ್‌ನಲ್ಲಿ (ಪೈಥಾನ್‌ನಲ್ಲಿ ವಿಂಡೋ, ಬಟನ್ ಮಾಡುವ ಸಲಕರಣೆ) ಸಣ್ಣ ಪ್ರೋಗ್ರಾಮ್ ಮಾಡಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಈ ಅಡಿಕೆ ಬಗೆಗಳಲ್ಲಿ ಒಂದನ್ನು ಆರಿಸಿ ತೂಕ ಹಾಕಿದರೆ ಮೊತ್ತ ಬರುತ್ತದೆ. ಕೆಳಗೆ ‘ಚೀಲದ ತೂಕ ಕಳೆ’ ಅಂತ ಒಂದು ಚೆಕ್‌ಬಾಕ್ಸ್. ಟಿಕ್ ಇದ್ದರೆ ಚೀಲಕ್ಕೆ 1 ಕೆಜಿ ಕಳೆಯಬೇಕು. ಆದರೆ ಟಿಕ್ ತೆಗೆದರೂ ಕಳೆಯುತ್ತದೆ! ನಿನ್ನೆ 12 ಚೀಲಕ್ಕೆ 12 ಕೆಜಿ ಕಾಣೆ. “ನಿನ್ನ ಕಂಪ್ಯೂಟರ್ ವ್ಯಾಪಾರಿಗಿಂತ ಜೋರಿದೆ ಮಾರಾಯ” ಅಂದರು ಚಿಕ್ಕಪ್ಪ.

ಮಳೆಗೆ ಕರೆಂಟ್ ಹೋಗಿದೆ. ಫೋನಿನಲ್ಲಿ ಬರೆಯುತ್ತಿರುವುದರಿಂದ ಕೋಡೂ ಕನ್ನಡದಲ್ಲೇ:

ಕಳೆ = ಬೂಲಿಯನ್‌ವಾರ್()
ಇಫ್ ಕಳೆ:
    ತೂಕ = ತೂಕ - ಚೀಲ

ಚೆಕ್‌ಬಟನ್‌ಗೆ ವೇರಿಯೇಬಲ್=ಕಳೆ ಅಂತ ಕೊಟ್ಟಿದ್ದೇನೆ.

ಸಾಗರದವ:
ಕಳೆ ಬೆಳೆದಿರುವುದು ಇಫ್ ಸಾಲಿನಲ್ಲೇ. ಬೂಲಿಯನ್‌ವಾರ್ ಅಂದರೆ ಟಿಕ್ ಇದೆಯೋ ಇಲ್ಲವೋ ಅನ್ನುವುದನ್ನು ಇಟ್ಟುಕೊಳ್ಳುವ ಡಬ್ಬಿ. ಒಳಗೆ ಏನಿದೆ ಅಂತ ಪೈಥಾನ್ ಇಣುಕುವುದಿಲ್ಲ. ಡಬ್ಬಿ ಇದೆ ಅಲ್ವಾ, ಹಾಗಾದರೆ ಟ್ರೂ ಅಂತ ಮುಂದೆ ಹೋಗುತ್ತದೆ. ಪ್ರಿಂಟ್(ಕಳೆ) ಮಾಡಿ ನೋಡಿ. ಟ್ರೂ, ಫಾಲ್ಸ್ ಯಾವುದೂ ಬರುವುದಿಲ್ಲ, ಪಿವೈ_ವಾರ್0 ಅಂತ ಬರುತ್ತದೆ. ಅದು ಡಬ್ಬಿಯ ಹೆಸರು. ಒಳಗಿರುವುದು ಬೇಕಿದ್ದರೆ ಕಳೆ.ಗೆಟ್() ಅಂತ ಕೇಳಬೇಕು.

ಆವರಣ ಮರೆಯಬೇಡಿ. ಬರೀ ಕಳೆ.ಗೆಟ್ ಅಂದರೆ ಅದೂ ಯಾವಾಗಲೂ ಟ್ರೂ. ಎರರ್ ಕೂಡ ಬರುವುದಿಲ್ಲ, ಸುಮ್ನೆ ತಪ್ಪು ಲೆಕ್ಕ ಕೊಡುತ್ತಾ ಇರುತ್ತದೆ. ನನ್ನದೊಂದು ಭಾನುವಾರ ಪೂರ್ತಿ ಇದಕ್ಕೇ ಹೋಗಿತ್ತು.

ತುಂಗಾತೀರ:
ಕರೆಂಟ್ ಬಂತು. ಪಿವೈ_ವಾರ್0 ನಿಜ! ಆದರೆ ಈಗ ಉಲ್ಟಾ ಆಗಿದೆ, ಟಿಕ್ ಹಾಕಿದರೂ ಕಳೆಯುತ್ತಿಲ್ಲ. ವಿಂಡೋ ಕಟ್ಟುವ ಜಾಗದಲ್ಲೇ ಟಿಕ್_ಇದೆ = ಕಳೆ.ಗೆಟ್() ಅಂತ ಬರೆದು, ಲೆಕ್ಕದ ಫಂಕ್ಷನ್‌ನಲ್ಲಿ ಇಫ್ ಟಿಕ್_ಇದೆ ಅಂದಿದ್ದೇನೆ.

ಸಾಗರದವ:
ಬೆಳಿಗ್ಗೆ ಒಂದು ಸಲ ಇಣುಕಿ ಮಳೆ ಇಲ್ಲ ಅಂತ ಸಂಜೆವರೆಗೂ ಕೊಡೆ ಬಿಟ್ಟು ತಿರುಗಿದ ಹಾಗಾಯಿತು. ಮಲೆನಾಡಿನವರಿಗೆ ಇದನ್ನು ಹೇಳಬೇಕಾ? ವಿಂಡೋ ಕಾಣುವ ಮೊದಲೇ ಗೆಟ್ ಕೇಳಿದ್ದೀರಿ, ಆಗ ಅದು ಫಾಲ್ಸ್. ಆಮೇಲೆ ಎಷ್ಟು ಸಲ ಒತ್ತಿದರೂ ಟಿಕ್_ಇದೆ ಬದಲಾಗುವುದಿಲ್ಲ. ಆ ಸಾಲನ್ನು ಲೆಕ್ಕದ ಫಂಕ್ಷನ್ ಒಳಗೆ ಹಾಕಿ. ಬಟನ್ ಒತ್ತಿದಾಗಲೆಲ್ಲ ಹೊಸದಾಗಿ ಕೇಳಬೇಕು.

ಟಿಕ್ ಬದಲಾದ ಕೂಡಲೇ ಮೊತ್ತವೂ ಬದಲಾಗಬೇಕಿದ್ದರೆ ಚೆಕ್‌ಬಟನ್‌ಗೆ ಕಮಾಂಡ್=ಲೆಕ್ಕ ಅಂತ ಕೊಡಿ. ಲೆಕ್ಕ() ಅಂತ ಕೊಟ್ಟರೆ ವಿಂಡೋ ಕಟ್ಟುವಾಗಲೇ ಓಡಿ ಮುಗಿದಿರುತ್ತದೆ. ಹೌದು, ಗೆಟ್‌ಗೆ ಆವರಣ ಬೇಕು, ಇಲ್ಲಿ ಬೇಡ. ಬೈಕೊಳ್ಳಿ, ನಾನೂ ಬೈದಿದ್ದೇನೆ.

ಕೊಪ್ಪದ ಕಾಫಿ:
ನಡುವೆ ಬಾಯಿ ಹಾಕ್ತಿದ್ದೇನೆ. ಟಿಟಿಕೆ (ಟಿಕಿಂಟರ್ ಜೊತೆಗೇ ಬರುವ ಇನ್ನೊಂದು ನಮೂನೆ) ಚೆಕ್‌ಬಟನ್ ಬಳಸುವುದಾದರೆ ಇನ್ನೊಂದು ಕಾಟ ಇದೆ. ಬೂಲಿಯನ್‌ವಾರ್ ಅನ್ನು ಫಂಕ್ಷನ್ ಒಳಗೆ ಮಾತ್ರ ಇಟ್ಟರೆ, ಫಂಕ್ಷನ್ ಮುಗಿದ ಮೇಲೆ ಪೈಥಾನ್ ಅದನ್ನು ಎತ್ತಿ ಎಸೆಯುತ್ತದೆ. ಆಗ ವಿಂಡೋಸ್‌ನಲ್ಲಿ ಬಾಕ್ಸ್ ಒಳಗೆ ಟಿಕ್ಕೂ ಇಲ್ಲದೆ, ಖಾಲಿಯೂ ಅಲ್ಲದೆ, ಒಂದು ಚೌಕದ ಮಚ್ಚೆ ಕೂತಿರುತ್ತದೆ. ಕ್ಲಾಸ್ ಇದ್ದರೆ ಸೆಲ್ಫ್.ಕಳೆ ಅಂತ ಇಟ್ಟುಕೊಳ್ಳಿ.

ತುಂಗಾತೀರ:
ಸರಿಯಾಯಿತು! ಟಿಕ್ ತೆಗೆದರೆ 780 ಕೆಜಿ, ಹಾಕಿದರೆ 768. ಚಿಕ್ಕಪ್ಪ ನಾಲ್ಕೈದು ಸಲ ಒತ್ತಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಕಾಗದದ ಮೇಲೂ ಕಳೆದು ನೋಡಿದರು.